ಪ್ರೀಪೇಯ್ಡ್ ಕಾರ್ಡಿನ ಮೊಂಡು ಕತ್ತರಿ

ನಾನು ಏನೇ ಕೊಂಡರೂ ಆ ಸುದ್ದಿ ಮೊದಲು ಮುಟ್ಟುವುದು ನಮ್ಮ ಯಜಮಾನರ ಪ್ಯಾಂಟಿನ ಜೇಬಿಗೆ. ಇಲ್ಲಿ ಬೇರಿಕೆ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ, ನಡುಮನೆಯ ಕಂಬಕ್ಕೊರಗಿ ಕೂತು, ಫೋನಿನೊಳಗಿನ ಒಂದು ಲಂಗದ ಬಟ್ಟೆಯ ಮೇಲೆ ಬೆರಳಿಡುತ್ತೇನೆ. ಅಲ್ಲಿ ಹೊಸೂರಿನ ಕಾರ್ಖಾನೆಯಲ್ಲಿ ಅವರ ಜೇಬು ಟಿಣ್ ಅನ್ನುತ್ತದೆ. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿದೆ, ಒಟಿಪಿ ಮಾತ್ರ ಒಬ್ಬರ ನಂಬರಿಗೆ ಬರುತ್ತದೆ. ಬೆನ್ನಿಗೇ ಅವರ ಫೋನು.

"ಏನೇ, ಒಟಿಪಿ ಬಂದದೆ. ಏನ್ ತಗಂತಿದ್ದೀಯ?"

"ಲಂಗದ ಬಟ್ಟೆ ಕಣ್ರೀ."

"ಹೋದ್ಸಲ ತಗಂಡಿದ್ದು ಏನಾಯ್ತು?"

ಅವರಿಗೆ ಕೋಪವೇನೂ ಇರುವುದಿಲ್ಲ. ವಿಚಾರಿಸುವುದು ಅವರ ಕಸುಬು, ಅಷ್ಟೆ. ಗಾಡಿಗಳ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಒಂದೊಂದು ತುಂಡನ್ನೂ ತಿರುಗಿಸಿ ನೋಡಿ, ಅಳತೆ ಹಿಡಿದು, ಸರಿಯಿಲ್ಲದ್ದಕ್ಕೆ ಕೆಂಪು ಚೀಟಿ ಅಂಟಿಸುವುದು ಅವರ ಕೆಲಸ. ಪಾಳಿ ಪೂರ್ತಿ ಕೆಂಪು ಚೀಟಿ ಅಂಟಿಸಿದ ಕೈ ಮನೆಗೆ ಬಂದ ಕೂಡಲೇ ಸುಮ್ಮನಾಗುತ್ತದೆಯೇ? ನಾನು ಆರಿಸಿದ ಬದನೆಕಾಯಿ, ನಾನು ಮಡಿಸಿದ ಬೆಡ್‌ಶೀಟು, ನನ್ನ ತವರಿನಿಂದ ಬಂದ ಚಕ್ಕುಲಿಯ ಸುತ್ತು, ಎಲ್ಲವೂ ಅವರ ಕಣ್ಣಿನಡಿ ಒಮ್ಮೆ ಹಾದು ಪಾಸಾಗಬೇಕು. ಒಳ್ಳೆಯ ಮನುಷ್ಯ. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ಯಾರ ಪರೀಕ್ಷೆಗೂ ಸಿಗದ, ಬರೀ ನನ್ನದೇ ಅನ್ನುವಂಥ ಒಂದು ವಸ್ತು ಬೇಕು ಎಂಬ ಆಸೆ ನನಗೆ ಬಂದುಬಿಟ್ಟಿತು. ಆ ವಸ್ತು ಒಂದು ಕತ್ತರಿ.

ಇಷ್ಟೇನಾ ಅನ್ನಬೇಡಿ. ಕೂಡು ಕುಟುಂಬದ ಮನೆಯಲ್ಲಿ ಒಂದು ಕತ್ತರಿಯ ಆಯುಷ್ಯ ಹೇಗೆ ಸವೆಯುತ್ತದೆ ಎಂಬುದನ್ನು ನೀವು ಒಮ್ಮೆ ಗಮನಿಸಿ ನೋಡಬೇಕು. ತಂದ ವಾರ ಅದು ರವಿಕೆಯ ಬಟ್ಟೆ ಕತ್ತರಿಸುತ್ತದೆ, ರಾಜಕುಮಾರಿಯಂತೆ. ಆಮೇಲೆ ಒಂದು ದಿನ ಎಣ್ಣೆಯ ಪ್ಯಾಕೆಟ್ಟಿನ ಮೂಲೆಗೆ ಅವಸರಕ್ಕೆಂದು ಹೋಗುತ್ತದೆ. ಅಲ್ಲಿಂದ ಟೊಮೇಟೊ ಗಿಡ ಕಟ್ಟುವ ದಾರಕ್ಕೆ, ದಾರದಿಂದ ಗೊಬ್ಬರದ ಚೀಲದ ಬಾಯಿಗೆ, ಕಡೆಗೆ ಹೊಲದಲ್ಲಿ ಡ್ರಿಪ್ ಪೈಪು ಕುಯ್ಯುವುದಕ್ಕೆ. ಹೊಲಕ್ಕೆ ಹೋದ ಕತ್ತರಿ ಮತ್ತೆ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ಬಂದರೂ ಅದರ ಗುರುತು ಹಿಡಿಯುವುದು ಕಷ್ಟ.

ಇದರ ಮೇಲೆ ನನ್ನದೇ ಇನ್ನೊಂದು ತೊಡಕಿದೆ. ನಾನು ಎಡಗೈಯವಳು. ಚಿಕ್ಕಂದಿನಲ್ಲಿ ಹೊಸೂರಿನ ಕಾನ್ವೆಂಟಿನಲ್ಲಿ ನಮಗೆ ಒಬ್ಬ ಸಿಸ್ಟರ್ ಇದ್ದರು. ಗದರಿದವರಲ್ಲ, ಹೊಡೆದವರಲ್ಲ. ನನ್ನ ಎಡಗೈಗೆ ಒಂದು ಕರವಸ್ತ್ರ ಕೊಟ್ಟು, "ಇದನ್ನು ಬೀಳದ ಹಾಗೆ ಹಿಡಿದುಕೊಂಡಿರಬೇಕು, ಮಗು, ಇದು ನಿನ್ನ ಈ ಕೈಯ ಕೆಲಸ" ಎಂದರು. ಎಡಗೈ ಪಾಪ, ಜವಾಬ್ದಾರಿ ಸಿಕ್ಕಿತೆಂದು ಹಿಗ್ಗಿ ಕರವಸ್ತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆ ಹೊತ್ತಿನಲ್ಲಿ ಬಲಗೈ ಅಕ್ಷರವನ್ನೆಲ್ಲ ಕಲಿತುಬಿಟ್ಟಿತು. ಮೋಸ ಅಂದರೆ ಹೀಗೆ ಮಾಡಬೇಕು, ನೋಡಿ. ಮದುವೆಯಾಗಿ ಬಂದಮೇಲೆ ಅತ್ತೆ ಉಳಿದದ್ದನ್ನು ಪೂರೈಸಿದರು. "ಎಡಗೈಲಿ ಬಡಿಸ್ಬ್ಯಾಡವ್ವ, ಉಣ್ಣೋರಿಗೆ ಇಳಿಯಕಿಲ್ಲ" ಎಂದರು. ಬಡಿಸುವುದು, ಕೊಡುವುದು, ಇಸಿದುಕೊಳ್ಳುವುದು, ಕುಂಕುಮ ಇಡುವುದು, ಎಲ್ಲ ಬಲಗೈಗೆ ಹೋಯಿತು. ನನ್ನ ಬಲಗೈ ನಾಲ್ಕು ಜನರ ನಡುವೆ ಓಡಾಡುವ ಕೈ. ಎಡಗೈ ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಮೇಲೆ ಹೊರಗೆ ಬರುವ ಕೈ. ಸೂಜಿ, ಚಾಕು, ಕತ್ತರಿ ಇವಿಷ್ಟೇ ಅದರ ಆಸ್ತಿ.

ಎಡಗೈ ಎಂದರೆ ಯಾಕಿಷ್ಟು ತಾತ್ಸಾರ ಎಂದು ನಾನು ಯೋಚಿಸಿದ್ದೇನೆ. ನಮ್ಮ ಅರ್ಧನಾರೀಶ್ವರನನ್ನೇ ತೆಗೆದುಕೊಳ್ಳಿ. ಬಲಕ್ಕೆ ಶಿವ, ಎಡಕ್ಕೆ ಪಾರ್ವತಿ. ಅಂದಮೇಲೆ ಪಾರ್ವತಿಯ ಪಾಲಿಗೆ ಬಂದ ಕೈ ಯಾವುದು? ಆ ಮನೆಯಲ್ಲಿ ಅಡುಗೆ, ಬಡಿಸುವುದು, ಒಬ್ಬ ಮಗನ ಸೊಂಡಿಲು ತೊಳೆಯುವುದು, ಇನ್ನೊಬ್ಬನ ನವಿಲಿಗೆ ಕಾಳು ಹಾಕುವುದು, ಇಷ್ಟನ್ನೂ ಆಕೆ ಎಡಗೈಯಲ್ಲೇ ಮಾಡಿರಬೇಕು. ಬಲಗೈಗಳೆಲ್ಲ ಶಿವನವು. ಅವು ಡಮರುಗ ಹಿಡಿದು ನಿಂತಿವೆ. ಈ ತರ್ಕವನ್ನು ನಾನು ಅತ್ತೆಯ ಮುಂದೆ ಎಂದೂ ಆಡಿಲ್ಲ. ದೇವರ ವಿಷಯದಲ್ಲಿ ತರ್ಕ ಮಾಡುವ ಸೊಸೆಗೆ ಊಟ ಇಳಿಯುವುದು ಇನ್ನೂ ಕಷ್ಟ.

ಕತ್ತರಿಗಳೂ ಬಲಗೈಯವರಿಗಾಗಿಯೇ ಹುಟ್ಟಿದವು ಎಂಬುದು ಬಲಗೈಯವರಿಗೆ ಗೊತ್ತಿರುವುದಿಲ್ಲ. ಎಡಗೈಯಲ್ಲಿ ಹಿಡಿದರೆ ಎರಡು ಅಲಗುಗಳೂ ಒಂದಕ್ಕೊಂದು ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ದೂರ ಸರಿಯುತ್ತವೆ. ಬಟ್ಟೆ ತುಂಡಾಗುವುದಿಲ್ಲ, ನಡುವೆ ಮಡಿಚಿಕೊಳ್ಳುತ್ತದೆ. ಸೀಮೆಸುಣ್ಣದ ಗೆರೆ ಮೇಲಿನ ಅಲಗಿನ ಹಿಂದೆ ಅಡಗಿಕೊಳ್ಳುತ್ತದೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಬರುತ್ತದೆ. ನಾನು ಹೊಲಿದ ರವಿಕೆಗಳ ಕಂಕುಳು ಯಾಕೆ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಎಂದರೆ ಇದೇ ಕಾರಣ. ನನ್ನ ಕೈಗುಣವೆಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಫೋನಿನಲ್ಲಿ ಹೀಗೇ ಅಲೆಯುತ್ತಿದ್ದಾಗ ಸಮುದ್ರದಾಚೆಯ ಒಂದು ಅಂಗಡಿ ಕಣ್ಣಿಗೆ ಬಿತ್ತು. ಎಡಗೈಯವರಿಗೆಂದೇ ತೆರೆದ ಅಂಗಡಿ. ಎಡಗೈಯ ಕತ್ತರಿ, ಎಡಗೈಯ ಸೌಟು, ಅಂಕಿಗಳು ಬಲದಿಂದ ಎಡಕ್ಕೆ ನಡೆಯುವ ಅಳತೆಪಟ್ಟಿ. ನಾನು ಅದನ್ನು ಮುಚ್ಚಿದೆ, ಮತ್ತೆ ತೆರೆದೆ. ಹಾಲಿಟ್ಟಿದ್ದೆ, ಉಕ್ಕಿತು. ನನ್ನಂಥವರು ಒಂದು ಅಂಗಡಿ ನಡೆಯುವಷ್ಟು ಮಂದಿ ಇದ್ದಾರೆಯೇ ಎಂದು ಬಹಳ ಹೊತ್ತು ಹಾಗೇ ನೋಡುತ್ತಾ ಕೂತೆ.

ಕೊಳ್ಳುವುದು ಹೇಗೆ? ಟಿಣ್ ಅನ್ನುವ ಜೇಬನ್ನು ದಾಟಿ ಹೋಗಬೇಕಲ್ಲ. ಹೊಸೂರಿಗೆ ಹಲ್ಲು ತೋರಿಸಲು ಹೋದ ದಿನ ಬ್ಯಾಂಕಿಗೂ ಹೊಕ್ಕು ಬಂದೆ. ಕೌಂಟರಿನ ಹುಡುಗಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಪ್ರೀಪೇಯ್ಡ್ ಕಾರ್ಡ್ ಇರುಕ್ಕು ಅಕ್ಕಾ. ನೀವು ಎಷ್ಟು ತುಂಬಿಸ್ತೀರೋ ಅಷ್ಟೇ ಖರ್ಚು. ಒಟಿಪಿ ನಿಮ್ಮ ನಂಬರಿಗೇ ಬರುತ್ತೆ" ಎಂದಳು. ಕೊನೆಯ ಮಾತು ಕೇಳಿ ನನಗೆ ಅವಳನ್ನು ನಮ್ಮ ಕಡೆಯವರಿಗೇ ಸೊಸೆಯಾಗಿ ತಂದುಕೊಳ್ಳಬೇಕು ಅನ್ನಿಸಿತು. ಫಾರಿನ್ ಅಂಗಡಿಗೆ ಆಗುತ್ತದೆಯೇ ಎಂದೆ, ತಗ್ಗಿದ ದನಿಯಲ್ಲಿ. "ಆಗುತ್ತೆ ಅಕ್ಕಾ, ಆದರೆ ಆ ಬಾಗಿಲು ಮುಚ್ಚಿರುತ್ತೆ. ಫೋನಲ್ಲಿ ನೀವೇ ತೆಗೀಬೇಕು" ಎಂದು ತೆಗೆಯುವ ಬಗೆ ತೋರಿಸಿಕೊಟ್ಟಳು. ನಮ್ಮ ಕಡೆ ಹೆಂಗಸರಿಗೆ ಬಾಗಿಲು ಹಾಕಿಕೊಳ್ಳುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ. ತೆಗೆಯುವುದನ್ನು ಹೇಳಿಕೊಟ್ಟವಳು ಅವಳೊಬ್ಬಳು.

ಕೂಡಿಟ್ಟಿದ್ದ ದುಡ್ಡನ್ನು ಅಲ್ಲೇ ಕಟ್ಟಿ ಬಂದೆ. ಕಾರ್ಡು ಬಂದದ್ದು ಒಂದು ಶುಕ್ರವಾರ. ಲಕೋಟೆ ಇಸಿದುಕೊಂಡವರು ಅತ್ತೆ.

"ಏನವ್ವ ಇದು, ಬಸ್ ಪಾಸಾ?"

"ಅಲ್ಲ ಅತ್ತೆ, ದುಡ್ಡಿನ ಕಾರ್ಡು. ಮೊದ್ಲೇ ದುಡ್ಡು ತುಂಬಿಸಿಡ್ಬೇಕು. ತುಂಬಿಸಿದಷ್ಟೇ ತೆಗೀಬೋದು."

"ನಮ್ಮ ರಾಗಿ ಡ್ರಮ್ಮಿನ ದುಡ್ಡಿದ್ದಂಗೆ ಅನ್ನು."

ನಮ್ಮಲ್ಲಿ ಹೆಂಗಸರು ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡನ್ನೆಲ್ಲ ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಇಳಿಸಿ ಹೂತಿಡುತ್ತಾರೆ. ಬ್ಯಾಂಕಿನವರು ಒಂದು ಇಡೀ ಹಾಳೆಯಲ್ಲಿ ವಿವರಿಸಿದ್ದನ್ನು ಅತ್ತೆ ಒಂದು ಮಾತಿನಲ್ಲಿ ಮುಗಿಸಿದರು. ಆಮೇಲೆ ಕಾರ್ಡನ್ನು ತಿರುಗಿಸಿ ನೋಡಿ, "ಅವ್ನಿಗೆ ಗೊತ್ತಾ?" ಎಂದರು.

"ಇಲ್ಲ ಅತ್ತೆ."

"ಮತ್ತಿನ್ನೇನು. ರಾಗಿ ಡ್ರಮ್ಮೇ."

ಯಾತಕ್ಕೆಂದು ಅವರು ಕೇಳಲಿಲ್ಲ. ಅದು ಆ ಡ್ರಮ್ಮಿನ ಮರ್ಯಾದೆ. ಆದರೆ ದುಡ್ಡು ತುಂಬಿಸುವ ವಸ್ತು ಎಂದಮೇಲೆ ಅದು ಲಕ್ಷ್ಮಿ, ಶುಕ್ರವಾರ ಮನೆಗೆ ಬಂದ ಲಕ್ಷ್ಮಿ. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಕಾರ್ಡು ದೇವರ ಗೂಡಿನಲ್ಲಿತ್ತು. ಹೊಸ ಮಿಕ್ಸಿಗೆ, ಪಂಪ್‌ಸೆಟ್ಟಿಗೆ, ಬೈಕಿಗೆ ಹೇಗೋ ಹಾಗೆ ಇದಕ್ಕೂ ಒದ್ದೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಎರಡೂ ಮಗ್ಗುಲಿಗೆ. ಅತ್ತೆ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

ನಾನೂ ಬಿಡುವವಳಲ್ಲ. ಕಾನ್ವೆಂಟಿನ ಹುಡುಗಿಗೆ ಕಲೆ ಕಂಡರೆ ಕೈ ತಡೆಯುವುದಿಲ್ಲ. ಮಾರನೆಯ ದಿನ ಹುಣಿಸೆಹಣ್ಣು ಹಾಕಿ, ಹಿತ್ತಾಳೆ ದೀಪ ಬೆಳಗುವ ಹಾಗೆ ತಿಕ್ಕಿದೆ. ಕಾರ್ಡು ಫಳಫಳ ಎಂದಿತು. ಆ ಮಧ್ಯಾಹ್ನವೇ ಅಂಗಡಿ ತೆರೆದು, ಕತ್ತರಿ ಆರಿಸಿ, ವಿಳಾಸದಲ್ಲಿ ಬೀದಿ ಯಾವುದು ಎಂದು ಪಟ್ಟು ಹಿಡಿದು ಕೇಳಿದ ಜಾಗದಲ್ಲಿ 'ರಾಗಿ ಮಿಲ್ಲಿನ ಎದುರು' ಎಂದು ಬರೆದು, ಕೊನೆಗೆ ಬಂದೆ. ಕಾರ್ಡಿನ ಹಿಂದಿರುವ ಮೂರು ಅಂಕಿ ಬರೆಯಿರಿ ಎಂದಿತು. ಕಾರ್ಡು ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ. ಎಂಥಾ ಚೊಕ್ಕಟ. ಹುಣಿಸೆಹಣ್ಣು ಅರಿಶಿನವನ್ನೂ ತೆಗೆದಿತ್ತು, ಅಂಕಿಗಳನ್ನೂ ತೆಗೆದಿತ್ತು.

ಊಹಿಸಿ ಬರೆಯೋಣವೆಂದರೆ, ತಪ್ಪಾದರೆ ಕಾರ್ಡಿಗೆ ಬೀಗ ಬೀಳುತ್ತದೆಂದು ಆ ಹುಡುಗಿ ಹೇಳಿದ್ದಳು. ಬ್ಯಾಂಕಿಗೆ ಹೋಗೋಣವೆಂದರೆ, ಮತ್ತೊಂದು ಹಲ್ಲು ಎಲ್ಲಿಂದ ತರಲಿ? ಕಾರ್ಡು ಹಿಡಿದು ಕಿಟಕಿಯ ಬಳಿ ಹೋದೆ. ಹೊಲಿಗೆಯವರು ಬಟ್ಟೆಯ ಎಳೆ ನೋಡುವುದಕ್ಕೆ ಓರೆ ಹಿಡಿಯುತ್ತಾರಲ್ಲ, ಹಾಗೆ ಓರೆ ಹಿಡಿದೆ. ಬಣ್ಣ ಹೋಗಿತ್ತು, ಒತ್ತಿದ ಗುಳಿ ಉಳಿದಿತ್ತು. ಒಂದು ಗುಳಿಯ ತಿರುವಿನಲ್ಲಿ ಅತ್ತೆಯ ಕುಂಕುಮ ಕೂದಲೆಳೆಯಷ್ಟು ಕೂತಿತ್ತು. ದೇವರ ಗೂಡಿನಿಂದ ಒಂದು ಚಿಟಿಕೆ ಕುಂಕುಮ ತಂದು ಮೆಲ್ಲಗೆ ಉಜ್ಜಿದೆ. ಮೂರು ಅಂಕಿಗಳೂ ಕೆಂಪಗೆ ಎದ್ದು ಬಂದವು. ಹಾಗಾಗಿ ನನ್ನ ಕಾರ್ಡಿಗೆ ಇವತ್ತಿಗೂ ಪ್ರತಿ ಖರೀದಿಗೆ ಮುಂಚೆ ಕುಂಕುಮ ಇಡಬೇಕು. ಅತ್ತೆ ಸರಿಯಾಗಿಯೇ ಶುರು ಮಾಡಿದ್ದರು, ನಡುವೆ ಕೈ ಹಾಕಿದವಳು ನಾನು.

ಒತ್ತಿದೆ. ಟಿಣ್ ಅಂದಿತು. ನನ್ನ ಕೈಯಲ್ಲೇ ಅಂದಿತು. ಒಂದು ಕ್ಷಣ ಗಾಬರಿಯಾಗಿ ಅವರೆಲ್ಲಿ ಎಂದು ಸುತ್ತ ನೋಡಿದೆ.

ಆಮೇಲೆ ಕತ್ತರಿಯ ಪ್ರಯಾಣ. ಅದು ಎಲ್ಲೆಲ್ಲಿ ಇಳಿಯಿತು, ಎಲ್ಲೆಲ್ಲಿ ತಂಗಿತು ಎಂಬುದನ್ನು ಫೋನು ದಿನಾ ಹೇಳುತ್ತಿತ್ತು. ನಾನು ಇನ್ನೂ ನೋಡದ ಊರುಗಳನ್ನೆಲ್ಲ ನನ್ನ ಕತ್ತರಿ ನೋಡಿಕೊಂಡು, ಕಡೆಗೆ ಸುಂಕದವರ ಹತ್ತಿರ ಬಂದು ಬಹಳ ದಿನ ಕೂತಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ: ಅಂಚೆಯವರು ಬರುವುದು ಮಧ್ಯಾಹ್ನ, ಆ ಹೊತ್ತಿಗೆ ಯಜಮಾನರು ಕಾರ್ಖಾನೆಯಲ್ಲಿ. ಅವರಿಗೆ ರಾತ್ರಿ ಪಾಳಿ ಬಿದ್ದ ವಾರವೇ ಅದು ಬರಬೇಕೆ? ಅವರು ಒಳಗೆ ಮಲಗಿದ್ದರು. ಅಂಚೆಯವರು ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ, "ಫಾರಿನ್ ಪಾರ್ಸಲ್‌ಮ್ಮಾ, ಡ್ಯೂಟಿ ಕಟ್ಟಣುಂ" ಎಂದರು.

"ಎಂಥದಯ್ಯ ಡ್ಯೂಟಿ?" ಎಂದರು ಅತ್ತೆ. "ನಮ್ಮ ಮನೆ ಸಾಮಾನು ನಮ್ಮ ಮನೆಗೆ ಬರೋಕೆ ನಾವ್ಯಾಕೆ ಕೊಡ್ಬೇಕು?"

"ಗೌರ್ಮೆಂಟು ಕೇಳುತ್ತಮ್ಮಾ, ನಾನಲ್ಲ."

"ಗೌರ್ಮೆಂಟೇ ಬಂದು ಕೇಳ್ಲಿ."

ನಾನು ಓಡಿಹೋಗಿ ಸುಂಕ ಕೊಟ್ಟು ಪೆಟ್ಟಿಗೆ ಸೆರಗಿಗೆ ಸೇರಿಸುವಷ್ಟರಲ್ಲಿ ಯಜಮಾನರು ಪಂಚೆ ಬಿಗಿಸಿಕೊಳ್ಳುತ್ತಾ ಎದ್ದು ಬಂದಿದ್ದರು. ಪೆಟ್ಟಿಗೆಯ ಮೇಲಿದ್ದ ಬರಹವೆಲ್ಲ ಅಂಚೆಯ, ಸುಂಕದ ಚೀಟಿಗಳಡಿಯಲ್ಲಿ ಹೂತುಹೋಗಿತ್ತು. ಅವರು ಬಿಚ್ಚಿದರು. ಒಳಗೆ ನನ್ನ ಕತ್ತರಿ, ಕರಿಯ ಹಿಡಿ, ಬೆಳ್ಳಗೆ ಮಿರುಗುವ ಅಲಗು. ನಾನು ಇನ್ನೂ ಮುಟ್ಟಿರಲಿಲ್ಲ.

"ಇದ್ಯಾವಾಗ ತರ್ಸಿದೆ? ನಂಗೆ ಒಟಿಪಿನೇ ಬರ್ಲಿಲ್ವಲ್ಲ."

"ನಂದೇ ಒಂದು ಕಾರ್ಡಿದೆ ಕಣ್ರೀ. ಮೊದ್ಲೇ ತುಂಬಿಸೋದು."

ಅವರು ನನ್ನನ್ನು ನೋಡಿದರು, ಕತ್ತರಿಯನ್ನು ನೋಡಿದರು. ಕಾರ್ಡಿನ ವಿಚಾರಣೆ ಆಮೇಲಾಯಿತು ಎಂದು ಕಸುಬು ಮೊದಲು ಮಾಡಿದರು. ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಬಲಗೈಯಲ್ಲಿ ಕತ್ತರಿ ಆಡಿಸಿದರು. ಹಾಳೆ ಮಡಿಚಿಕೊಂಡಿತು. ಒಂದು ಪ್ಲಾಸ್ಟಿಕ್ ಕವರು ಹಿಡಿದರು. ಅದೂ ಮಡಿಚಿಕೊಂಡಿತು. ಬೆಳಕಿಗೆ ಹಿಡಿದರು, ತಿರುಪು ನೋಡಿದರು, ಮತ್ತೆ ಆಡಿಸಿದರು. ಅವರ ಮುಖದಲ್ಲಿ ಕೆಂಪು ಚೀಟಿ ನಿಧಾನವಾಗಿ ಮೂಡತೊಡಗಿತು.

"ಮೊಂಡು," ಎಂದರು. "ಫುಲ್ ರಿಜೆಕ್ಟು. ನಿಂಗೆ ಸರಿಯಾಗಿ ಟೋಪಿ ಹಾಕವ್ರೆ."

ಅದು ಎಡಗೈಯದು ಕಣ್ರೀ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಆ ಹೊತ್ತಿಗೆ ಅವರು ಕತ್ತರಿಯನ್ನು ಕಿಟಕಿಯ ದಂಡೆಯ ಮೇಲೆ ಎಸೆದ ರೀತಿ ಕಂಡೆ. ಇನ್ನು ಇದನ್ನು ಯಾರೂ ಮುಟ್ಟುವುದಿಲ್ಲ ಎಂಬಂಥ ಎಸೆತ. ನಾನು ಬಾಯಿ ಮುಚ್ಚಿಕೊಂಡೆ. ಮೋಸ ಹೋದವಳ ಮುಖ ಹೇಗಿರಬೇಕೋ ಹಾಗೆ ಮಾಡಿಕೊಂಡು ಅಡುಗೆಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ನಕ್ಕೆ.

ಆದರೆ ರಿಜೆಕ್ಟ್ ಆದ ಮಾಲನ್ನು ಕಾರ್ಖಾನೆಯವರು ಇಟ್ಟುಕೊಳ್ಳುವುದಿಲ್ಲ, ವಾಪಸು ಕಳಿಸುತ್ತಾರೆ. ಸಂಜೆ ಅವರು ಕಾಫಿ ಕುಡಿಯುತ್ತಾ, "ಬರಿ ಅವರಿಗೆ. ನಿಂದು ಕಾನ್ವೆಂಟ್ ಇಂಗ್ಲಿಷು, ನಾನು ಹೇಳ್ತೀನಿ ನೀನು ಬರಿ" ಎಂದರು. ಇಷ್ಟು ದೂರ ಬಂದದ್ದು ಒಂದು ಗುಕ್ಕು ಕಾಫಿಯಲ್ಲಿ ವಾಪಸು ಹೊರಟಿತ್ತು. ಅವರು ಮಂಚದ ಮೇಲೆ ಕಾಲು ಚಾಚಿ ಹೇಳುತ್ತಾ ಹೋದರು: ಅಲಗು ಮೊಂಡು, ಅಲಗುಗಳ ನಡುವೆ ಸಂದು, ತಪಾಸಣೆ ಮಾಡದೆ ಮಾಲು ಕಳಿಸಿದ್ದೀರಿ, ದುಡ್ಡು ವಾಪಸು ಕೊಡಿ. ನಾನು ತಲೆ ಬಗ್ಗಿಸಿ ಫೋನಿನಲ್ಲಿ ಬರೆಯುತ್ತಾ ಹೋದೆ. ಸಿಸ್ಟರ್ ಕಲಿಸಿದ ಪತ್ರಲೇಖನದ ಧಾಟಿಯಲ್ಲಿಯೇ ಬರೆದೆ: ಮಾನ್ಯರೇ, ತಮ್ಮ ಕತ್ತರಿ ಕ್ಷೇಮವಾಗಿ ತಲುಪಿತು, ಬಹಳ ಸುಂದರವಾಗಿದೆ, ನನ್ನ ಕೈಗೆ ತಕ್ಕ ಒಂದು ವಸ್ತು ಈ ಲೋಕದಲ್ಲಿ ಉಂಟೆಂದು ತಿಳಿದು ಸಂತೋಷವಾಯಿತು, ತಮಗೆ ಒಳ್ಳೆಯದಾಗಲಿ.

"ಗಟ್ಟಿಯಾಗಿ ಬರ್ದಿದ್ದೀಯ ತಾನೆ?"

"ಮನಸ್ಸಿನಲ್ಲಿದ್ದದ್ದೆಲ್ಲಾ ಬರ್ದಿದೀನಿ ಕಣ್ರೀ."

ಮರುದಿನವೇ ಉತ್ತರ ಬಂತು. ಪಾಪ, ತುಂಬಾ ಖುಷಿಯಾಗಿದ್ದರು. ಏನಂತೆ ಎಂದು ಯಜಮಾನರು ಕೇಳಿದರು. "ಬಹಳ ಮರ್ಯಾದೆಯಾಗಿ ಬರ್ದಿದಾರೆ. ದುಡ್ಡಿನ ಮಾತೇ ಎತ್ತಿಲ್ಲ" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ನೀವೇ ನೋಡಿ. ಅವರು ತಲೆಯಾಡಿಸಿ, "ಫಾರಿನೋರು ಹಂಗೇ, ಮಾತಲ್ಲಿ ಬೆಣ್ಣೆ" ಎಂದು ಅಂಗಿ ಹಾಕಿಕೊಂಡು ಪಾಳಿಗೆ ಹೊರಟರು. ಕಾರ್ಡಿನ ವಿಚಾರಣೆ ಆ ಮೋಸದ ಗಲಾಟೆಯಲ್ಲಿ ಮರೆತೇಹೋಯಿತು.

ಅಂದಿನಿಂದ ಕಾರ್ಖಾನೆಯ ಬಸ್ಸಿನಲ್ಲಿ ನಾನೊಂದು ನೀತಿಕಥೆ. ಆನ್‌ಲೈನಿನಲ್ಲಿ ಏನಾದರೂ ತರಿಸುವವರಿಗೆ ಮೊದಲು ನನ್ನ ಕಥೆ ಹೇಳುತ್ತಾರಂತೆ. ಎದುರುಮನೆಯ ರತ್ನಕ್ಕ ಸಮಾಧಾನ ಹೇಳಲೆಂದೇ ಬಂದಳು. ಬಂದವಳು ಕತ್ತರಿ ಎತ್ತಿ ನೋಡಿ, ಸೆರಗಿನ ದಾರವನ್ನು ಕತ್ತರಿಸಹೋಗಿ, ಆಗದೆ, "ಅಯ್ಯೋ ನಮ್ಮ ಕಾಲದ ಮೊಂಡೇ ವಾಸಿ" ಎಂದು ಇಟ್ಟು ಹೋದಳು. ಎಣ್ಣೆ ಪ್ಯಾಕೆಟ್ಟು ಅದನ್ನು ಕರೆಯಲಿಲ್ಲ. ಡ್ರಿಪ್ ಪೈಪು ಕರೆಯಲಿಲ್ಲ. ಮನೆಯ ನಟ್ಟನಡುವೆ, ಎಲ್ಲರ ಕಣ್ಣೆದುರಿಗೆ, ಬೀಗವಿಲ್ಲದೆ, ಒಂದು ವಸ್ತು ನನ್ನದಾಗಿ ಉಳಿದಿತ್ತು. ಬುದ್ಧಿವಂತೆ ಎನ್ನಿಸಿಕೊಂಡಿದ್ದ ದಿನಗಳಲ್ಲಿ ನನಗೆ ಇಷ್ಟು ಸುಖ ಸಿಕ್ಕಿರಲಿಲ್ಲ. ದಡ್ಡಿ ಎಂಬ ಹೆಸರಿಗೆ ಬಾಡಿಗೆ ಕಡಿಮೆ, ಒಳಗೆ ಜಾಗ ಬಹಳ.

ಮಧ್ಯಾಹ್ನಗಳಲ್ಲಿ ಚಾಪೆ ಹಾಸಿ ಬಟ್ಟೆ ಹರಡಿಕೊಳ್ಳುತ್ತಿದ್ದೆ. ಗೆರೆ ಪೂರ್ತಿ ಕಾಣುತ್ತಿತ್ತು. ಕತ್ತರಿ ಗೆರೆಯ ಮೇಲೆ ಹೋಗುವಾಗ ಕರ್ ಕರ್ ಎಂದು, ಹಸು ಎಳೇ ಹುಲ್ಲು ಮೇಯುವ ಸದ್ದು. ಕಂಕುಳು ಎರಡೂ ಕಡೆ ಒಂದೇ ಸಮ ಬಂತು.

ಹಾಗೆ ಕತ್ತರಿಸುತ್ತಿದ್ದಾಗ ಒಂದು ದಿನ ಅತ್ತೆ ನೀರು ಕುಡಿಯಲೆಂದು ಟೊಮೇಟೊ ತೋಟದಿಂದ ಬಂದವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅಭ್ಯಾಸಬಲದಿಂದ ಕತ್ತರಿಯನ್ನು ಬಲಗೈಗೆ ದಾಟಿಸಹೋದೆ. ದಾಟಿಸಿ ಏನು ಮಾಡಲಿ? ಅದು ಆ ಕೈಯಲ್ಲಿ ನಡೆಯುವುದೇ ಇಲ್ಲ. ಬಟ್ಟೆ ಅರ್ಧ ಕತ್ತರಿಸಿ ಆಗಿತ್ತು. ಈ ಮನೆಗೆ ಬಂದಮೇಲೆ ಮೊದಲ ಬಾರಿ ಅತ್ತೆಯ ಎದುರಿಗೇ ಎಡಗೈಯಲ್ಲಿ ಮಿಕ್ಕ ಅರ್ಧವನ್ನು ಕತ್ತರಿಸಿ ಮುಗಿಸಿದೆ.

"ಮೊಂಡು ಅಂದ್ನಲ್ಲ ಅವ್ನು."

"ಬಲಗೈಲಿ ಮೊಂಡು ಅತ್ತೆ. ಇದು ಎಡಗೈಯೋರಿಗೇ ಅಂತ ಮಾಡಿರೋದು."

ಅವರು ಬಂದು ಚಾಪೆಯ ಅಂಚಿಗೆ ಕೂತರು. ಕತ್ತರಿಸಿದ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಹಂಗೂ ಮಾಡ್ತಾರಾ? ಬೈಯಾಕಿಲ್ವಾ ಆ ದೇಸದಲ್ಲಿ?"

"ಬೈಯಲ್ಲ ಅತ್ತೆ. ಅಂಗಡಿನೇ ಇಟ್ಟಿದಾರೆ."

ಅತ್ತೆ ಆ ಅಂಚನ್ನು ಮತ್ತೊಮ್ಮೆ ಸವರಿದರು. ಆಮೇಲೆ, "ಅವ್ನಿಗೆ ಹೇಳ್ಬ್ಯಾಡ. ಮೊಂಡು ಅಂತ್ಲೇ ಇರ್ಲಿ. ಹರಿತ ಅದೆ ಅಂತ ಗೊತ್ತಾದ್ರೆ ಎಡಗೈ ಕಲ್ತು ಪೈಪು ಕುಯ್ದಾನು" ಎಂದರು. ನೀರು ಕುಡಿದು, ಚೊಂಬು ಬೋರಲು ಹಾಕಿ ಹೊರಟವರು ಹೊಸ್ತಿಲಲ್ಲಿ ನಿಂತರು.

"ಆ ಅಂಗಡೀಲಿ ಕುಡ್ಲು ಸಿಕ್ತದಾ ನೋಡು."

"ಕುಡ್ಲು ಇಲ್ಲೇ ಸಂತೇಲಿ ಸಿಗತ್ತಲ್ಲ ಅತ್ತೆ."

"ಇಲ್ಲಿ ಸಿಗೋದು ಬಲಗೈದು" ಎಂದು ಸೆರಗು ತಲೆಯ ಮೇಲೆಳೆದುಕೊಂಡು ಬಿಸಿಲಿಗೆ ಇಳಿದುಹೋದರು.

ಕುಡುಗೋಲಿಗೂ ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಈ ಮನೆಯ ರಾಗಿಯನ್ನೆಲ್ಲ ಇಷ್ಟು ವರ್ಷ ಅವರು ತಮ್ಮದಲ್ಲದ ಕೈಯಲ್ಲಿ ಕುಯ್ದಿದ್ದಾರೆ. ಅವರ ಎಡಗೈಗೆ ಯಾರು ಯಾವ ಕರವಸ್ತ್ರ ಕೊಟ್ಟಿದ್ದರೋ, ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಹುಡುಕಿದೆ. ಆ ಅಂಗಡಿಯಲ್ಲಿ ಇರಲಿಲ್ಲ, ಇನ್ನೂ ಆಚೆಯ ಬೇರೊಂದು ದೇಶದ ಅಂಗಡಿಯಲ್ಲಿತ್ತು. ಎಡವೋ ಬಲವೋ ಎಂದು ಎರಡು ಚಿತ್ರ ತೋರಿಸಿ ಕೇಳಿತು. ಅತ್ತೆಗೆ ಫೋನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಇದೇ ಎಂದು ತಾವೇ ಒತ್ತಿದರು, ಯಾವ ಕೈಯ ಬೆರಳಿನಿಂದ ಎಂದು ನಾನು ಹೇಳುವುದಿಲ್ಲ. ಕುಡುಗೋಲು ಈಗ ಹೊರಟಿದೆಯಂತೆ. ಬಂದ ದಿನ ಯಜಮಾನರು ಅದನ್ನು ಬೆಳಕಿಗೆ ಹಿಡಿದು, ಹುಲ್ಲಿನ ಮೇಲೆ ಆಡಿಸಿ ನೋಡಿ, ಫುಲ್ ರಿಜೆಕ್ಟ್ ಎನ್ನುತ್ತಾರೆ, ಕಾರ್ಖಾನೆಯ ಬಸ್ಸಿಗೆ ಹೊಸ ಕಥೆಯೊಂದು ಸಿಗುತ್ತದೆ. ಅನ್ನಲಿ. ಫಾರಿನವರ ಕೈಯಲ್ಲಿ ಮೋಸ ಹೋಗುವವರು ನಮ್ಮ ಮನೆಯಲ್ಲೀಗ ಇಬ್ಬರಾಗಿದ್ದೇವೆ.